ಪೆಡಲಿನ ಮೇಲಿಟ್ಟ ಕಾಲು

ಹಾವೇರಿಯಲ್ಲಿ ನಮ್ಮದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮೆಕ್ಕಾ ಮದೀನಾದ ಚಿತ್ರ, ಮದುವೆಯ ಫೋಟೋ, ತೀರಿಹೋದ ಹಿರಿಯರ ಫೋಟೋ, ಊರಿನ ಗೋಡೆಗಳಿಗೆ ಏರಬೇಕಾದದ್ದೆಲ್ಲ ಒಮ್ಮೆ ನಮ್ಮ ಅಂಗಡಿಗೆ ಬಂದು ಹೋಗುತ್ತಿತ್ತು. ತೊಂಬತ್ತರ ಆಸುಪಾಸಿನಲ್ಲಿ ನಮ್ಮ ಮನೆಯವರು ರಾಣೇಬೆನ್ನೂರಿನಲ್ಲಿ ಮುಚ್ಚಿದ ಅಂಗಡಿಯೊಂದರಿಂದ ಕಟ್ಟಿನ ಮೂಲೆ ಜೋಡಿಸುವ ಮಷಿನ್ ತಂದರು. ಸೊಂಟದೆತ್ತರದ ಕಬ್ಬಿಣದ ಮಷಿನ್. ಎರಡು ಪಟ್ಟಿಗಳ ತುದಿ ಕೂಡಿಸಿ ಮೇಲಿಟ್ಟು ಕೆಳಗಿನ ಪೆಡಲ್ ಒತ್ತಿದರೆ, ಸಂದಿಯಿಂದ ಉಕ್ಕಿನ ತುಂಡೊಂದು ಎದ್ದು ಎರಡು ಅಲಗಿನ ಸಣ್ಣ ಮೊಳೆಯನ್ನು ಕಟ್ಟಿಗೆಯೊಳಗೆ ನೂಕುತ್ತಿತ್ತು. ಕಾಲು ತೆಗೆದರೆ ಸ್ಪ್ರಿಂಗು ಆ ತುಂಡನ್ನು ಚಟ್ಟನೆ ಒಳಗೆಳೆದುಕೊಳ್ಳುತ್ತಿತ್ತು. ಆ ಚಟ್ ಸಪ್ಪಳ ನನಗೆ ಮೊದಲ ದಿನದಿಂದಲೂ ಸೇರಲಿಲ್ಲ.

ಹಾಗಂತ ಯಾರ ಮುಂದೆಯೂ ಹೇಳಿದವಳಲ್ಲ. ಬ್ಯಾಡಗಿಯ ತವರಿನಲ್ಲಿ ಹದಿಮೂರನೆಯ ವಯಸ್ಸಿನಿಂದ ಹೊಲಿಗೆ ಮಷಿನ್ ತುಳಿದವಳು ನಾನು. ಪೆಡಲ್ ಎಂದರೆ ನನ್ನ ಕಾಲಿಗೆ ಹೊಸದೇನಲ್ಲ ಎಂದು ಬಂದವರೆದುರಿಗೆಲ್ಲ ಜಂಬ ಕೊಚ್ಚುತ್ತಿದ್ದೆ. ನಮ್ಮವರು ಬಾಯಿ ಜೋರಿನ ಮನುಷ್ಯ. ಗಾಜು ಒರೆಸಿದ್ದು ಸರಿಯಿಲ್ಲ, ಅಂಟು ಗಟ್ಟಿಯಾಯಿತು, ಚಹಾ ತಣ್ಣಗಾಯಿತು, ಎಲ್ಲದಕ್ಕೂ ಒಂದು ಬೈಗುಳ. ನಾನೂ ಬಿಟ್ಟವಳಲ್ಲ. ಒಟ್ಟಿನಲ್ಲಿ ನಮ್ಮ ಅಂಗಡಿಯ ಮಾತು ಎದುರಿನ ಕಿರಾಣಿ ಅಂಗಡಿಯವರೆಗೂ ಕೇಳುತ್ತಿತ್ತು.

ಒಂದು ದಿನ ಬೆಳಿಗ್ಗೆ ಕರ್ಜಗಿಯಿಂದ ಒಬ್ಬ ಮುಸಲ್ಮಾನರ ಅಜ್ಜಿ ಬಂದು ಬಾಕಿನ ಮೇಲೆ ಕುಳಿತರು. ಅವರ ಮೊಮ್ಮಗಳು ಕಪ್ಪು ಮಖಮಲ್ಲಿನ ಮೇಲೆ ಮಣಿಯಿಂದ ಎರಡು ಗಿಳಿ ಹೊಲಿದಿದ್ದಳು. ಮಧ್ಯಾಹ್ನ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಆಗೆಲ್ಲ ಹುಡುಗಿಯ ಕೈಕೆಲಸ ಪಡಸಾಲೆಯ ಗೋಡೆಯ ಮೇಲೆ ಇರಲೇಬೇಕು, ಬಂದವರು ಅದನ್ನು ನೋಡಿಯೇ ಚಹಾ ಮುಟ್ಟುವುದು. ಗಿಳಿಗಳಿಗೆ ಮೂರು ಮೂಲೆ ಕೂಡಿಸಿ ಆಗಿತ್ತು. ನಾಲ್ಕನೆಯ ಮೂಲೆಗೆ ಮಷಿನ್ ಕಚ್ಚಿಕೊಂಡು ನಿಂತಿತು.

ಒಂದು ಮೊಳೆ ಸಂದಿಯಲ್ಲಿ ಸೊಟ್ಟಗಾಗಿ ಸಿಕ್ಕಿಬಿದ್ದಿತ್ತು. ನಮ್ಮವರು ಸೀಮೆಎಣ್ಣೆ ಬಿಟ್ಟರು, ತಂತಿ ತೂರಿಸಿದರು, ಸ್ಕ್ರೂ ಡ್ರೈವರಿನಿಂದ ಮೀಟಿದರು, ಮಷಿನ್ನಿನ ಹಿಂದಿನ ಮಾಲಕನ ವಂಶವನ್ನೆಲ್ಲ ಬೈದರು. ಮೊಳೆ ಜಪ್ಪಯ್ಯ ಅನ್ನಲಿಲ್ಲ. ಸರಿಯಾದ ರೀತಿ ಅವರಿಗೆ ಗೊತ್ತಿತ್ತು. ಮಷಿನ್ ಅಡ್ಡ ಮಲಗಿಸಿ, ಪಾನಾ ಹಾಕಿ ಸ್ಪ್ರಿಂಗು ಬಿಚ್ಚಿ, ಆಮೇಲೆ ಸಂದಿಯೊಳಗೆ ಕೈ ಹಾಕಬೇಕು. ಅದಕ್ಕೆ ತಾಸು ಹಿಡಿಯುತ್ತಿತ್ತು. ಅಜ್ಜಿ ಗೋಡೆಯ ಗಡಿಯಾರ ನೋಡುತ್ತಿದ್ದರು. ಸ್ಪ್ರಿಂಗ್ ಬಿಚ್ಚುವುದೇನೂ ಬೇಡ, ನಾನು ಪೆಡಲ್ ಅರ್ಧ ಒತ್ತಿ ಹಿಡಿಯುತ್ತೇನೆ, ಮೊಳೆಯ ತುದಿ ಮೇಲೆ ಬಂದಾಗ ಪಕ್ಕಡಿನಿಂದ ಕಚ್ಚಿ ಹಿಡಿದು ಎಳೆಯಿರಿ ಎಂದೆ. ಇದನ್ನು ಹೇಳಿದವಳು ನಾನೇ. ಅವರಲ್ಲ.

ಅವರು ಒಂದು ಗಳಿಗೆ ನನ್ನ ಕಾಲನ್ನೇ ನೋಡಿದರು. ಆಮೇಲೆ ಬಿಡಿಸಿ ಹೇಳಿದರು. ಪಕ್ಕಡಿಗೆ ಮೊಳೆ ಸಿಗಬೇಕಾದರೆ ಎಡಗೈ ಬೆರಳಿನಿಂದ ಅದನ್ನು ಒತ್ತಿ ಹಿಡಿದಿರಬೇಕು. ನಾನು ಜಾಸ್ತಿ ಒತ್ತಿದರೆ ಮೊಳೆ ಬೆರಳಿಗೆ ನುಗ್ಗುತ್ತದೆ. ಕಾಲು ಬಿಟ್ಟರೆ ಸ್ಪ್ರಿಂಗು ಮೊಳೆಯ ಜೊತೆ ಬೆರಳನ್ನೂ ಸಂದಿಗೆ ಎಳೆದುಕೊಂಡು ಕತ್ತರಿಸುತ್ತದೆ. ಒತ್ತಲೂ ಬಾರದು, ಬಿಡಲೂ ಬಾರದು. ತಿಳಿಯಿತು ಎಂದೆ. ತಿಳಿದದ್ದೇ ತಪ್ಪಾಯಿತು, ಅಷ್ಟು ಹೊತ್ತಿಗೆ ನನ್ನ ಬಾಯಿ ಒಣಗಿತ್ತು.

ಅವರು ಮಷಿನ್ನಿನ ಮೇಲೆ ಬಗ್ಗಿದರು. ಅವರ ಬೆನ್ನು ಅಡ್ಡ ಬಂದು ನನಗೆ ಕೈ ಕಾಣದಾಯಿತು. ನಾನು ಮೆಲ್ಲಗೆ ಒತ್ತಿದೆ. "ಸಾಕು" ಎಂದರು. ಹೊಲಿಗೆ ಮಷಿನ್ನಿನ ಚಕ್ರ ನಿಲ್ಲಿಸಬೇಕಾದರೆ ಪೆಡಲನ್ನು ಪಾದದಿಂದ ಬಿಗಿಯಾಗಿ ಅದುಮಿ ಹಿಡಿಯುವುದು ರೂಢಿ. ಅಷ್ಟು ವರ್ಷ ತುಳಿದ ಕಾಲಿಗೆ ನಿಲ್ಲು ಎಂದರೆ ಅದುಮು ಎಂದೇ ಅರ್ಥ. ಒಂದು ಕೂದಲೆಳೆಯಷ್ಟು ಅದುಮಿತು. ಆದರೆ ಅವರು ಕೂಗಲಿಲ್ಲ, ಬೈಯಲಿಲ್ಲ. "ಹಂಗ ಇರು. ಅಲುಗಾಡಬ್ಯಾಡ" ಎಂದರು, ಬಹಳ ಮೆತ್ತಗೆ. ಬಚಾವಾದೆ ಎಂದುಕೊಂಡೆ.

ಲಗ್ನವಾಗಿ ಹನ್ನೆರಡು ವರ್ಷವಾಗಿತ್ತು. ಅಂಥ ದನಿ ನಾನು ಅವರ ಬಾಯಿಂದ ಕೇಳಿರಲಿಲ್ಲ. ಅಷ್ಟು ಹೆದರಿಕೆಯಲ್ಲೂ ನನಗೆ ಒಂಥರಾ ಖುಷಿಯಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅವರು ಪಕ್ಕಡು ಆಡಿಸುತ್ತಲೇ ಇದ್ದರು. ಮೊಳೆ ಬರಲಿಲ್ಲ. ನಡುನಡುವೆ, "ಚಲೋ ಹಿಡದಿ, ಹಂಗ ಇರ್ಲಿ" ಎನ್ನುತ್ತಿದ್ದರು. ಗಡಿಯಾರದ ಕಡೆ ನೋಡಲು ನನಗೆ ಧೈರ್ಯವಿರಲಿಲ್ಲ, ಕುತ್ತಿಗೆ ತಿರುಗಿಸಿದರೆ ಕಾಲೂ ತಿರುಗೀತು ಎಂಬ ಭಯ.

ಆಗ ನನ್ನ ಕಾಲ್ಬೆರಳುಗಳ ಕಡೆಯಿಂದ ಶುರುವಾಯಿತು. ಮೊದಲು ಇರುವೆ ಹರಿದಂತೆ, ಆಮೇಲೆ ಪಾದವೆಲ್ಲ, ಆಮೇಲೆ ಮೊಣಕಾಲಿನ ತನಕ ಜೋಮು. ಪೆಡಲಿನ ಮೇಲೆ ನನ್ನ ಕಾಲು ಇರುವುದು ಕಣ್ಣಿಗೆ ಕಾಣುತ್ತಿತ್ತು, ಆದರೆ ಅದು ಒತ್ತುತ್ತಿದೆಯೋ ಎತ್ತುತ್ತಿದೆಯೋ ಗೊತ್ತಾಗುತ್ತಿರಲಿಲ್ಲ. ಬೇರೆ ಯಾರದೋ ಕಾಲನ್ನು ತಂದು ಅಲ್ಲಿಟ್ಟಂತಿತ್ತು. ಆ ಬೇರೆಯವರ ಕಾಲಿನ ಕೈಯಲ್ಲಿ ನನ್ನ ಗಂಡನ ಬೆರಳು. ಬೆವರು ಹುಬ್ಬಿನಿಂದ ಕಣ್ಣಿಗಿಳಿಯಿತು, ಒರೆಸಿಕೊಳ್ಳಲಿಲ್ಲ. ಹೇಳಬೇಕು ಎಂದುಕೊಂಡೆ. ಹೇಳಲಿಲ್ಲ. ಸ್ಪ್ರಿಂಗ್ ಬೇಡ ಎಂದ ಬಾಯಿ ಈಗ ಹೇಗೆ ತೆರೆದೀತು? ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಎಂದು ಹಲ್ಲು ಕಚ್ಚಿದೆ. ಆ ನಿಮಿಷಗಳಲ್ಲಿ ನಾನು ಪಟ್ಟ ಭಯವನ್ನು ಹೆರಿಗೆಯಲ್ಲೂ ಪಟ್ಟಿರಲಿಲ್ಲ.

ಕೊನೆಗೆ ತೊಡೆಯೇ ನಡುಗಲು ಶುರುವಾದಾಗ ಬಾಯಿ ಬಿಟ್ಟೆ. "ಕಾಲು ಜೋಮ ಹಿಡದೈತ್ರಿ. ನಂಗ ಏನೂ ಗೊತ್ತಾಗವಲ್ದು."

ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅವರು ತಲೆ ಕೂಡ ಎತ್ತದೆ, ಅದೇ ದನಿಯಲ್ಲಿ ಅಜ್ಜಿಗೆ ಹೇಳಿದರು. ಮೂಲೆಯಲ್ಲಿ ಪಟ್ಟಿಯ ತುಂಡುಗಳಿವೆ, ಒಂದರ ಮೇಲೊಂದು ಇಟ್ಟು ಪೆಡಲಿನ ಕೆಳಗೆ ಸರಿಸಬೇಕು, ಆಮೇಲೆ ನನ್ನ ಪಾದದ ಮೇಲೆ ಎರಡೂ ಕೈ ಊರಿ ಭಾರ ಬಿಡಬೇಕು. ಕೆಳಗೆ ಕಟ್ಟಿಗೆ ಇದ್ದರೆ ಪೆಡಲ್ ಇಳಿಯದು, ಮೇಲೆ ಕೈ ಇದ್ದರೆ ಏಳದು. ಇಷ್ಟು ಸಾದಾ ಉಪಾಯ ನಮಗ್ಯಾರಿಗೂ ಮೊದಲು ಹೊಳೆದಿರಲಿಲ್ಲ. ಅಜ್ಜಿ ನೆಲಕ್ಕೆ ಕುಳಿತು ತುಂಡು ಸರಿಸಿದರು. ಬಾಯಲ್ಲಿ ಏನೋ ದುವಾ ಹೇಳಿಕೊಳ್ಳುತ್ತ ನನ್ನ ಪಾದದ ಮೇಲೆ ಒರಗಿದರು. ಅವರ ಕೈ ಬಿಸಿಯೋ ತಣ್ಣಗೋ ನನಗೆ ತಿಳಿಯಲಿಲ್ಲ. "ಹೆದರಬ್ಯಾಡ ಬೇಟಿ, ನಾ ಹಿಡದೇನಿ" ಎಂದರು.

ನಮ್ಮವರ ಬೆನ್ನು ಒಮ್ಮೆ ಬಿಗಿಯಿತು. ಕಬ್ಬಿಣ ಕಿರಗುಟ್ಟಿತು. ಪಕ್ಕಡಿನ ಬಾಯಲ್ಲಿ ಮೊಳೆ ಬಂತು. ಅವರು ಎಡಗೈಯನ್ನು ಸೀಮೆಎಣ್ಣೆಯ ಅರಿವೆಯಲ್ಲಿ ಸುತ್ತಿಕೊಂಡೇ ನೆಟ್ಟಗಾದರು. ಸ್ವಲ್ಪ ತಾಗಿದೆ, ಎಳೆಯುವಾಗ ಜಾರಿತು ಎಂದರು. ಅರಿವೆ ನೋಡನೋಡುತ್ತ ಕೆಂಪಾಯಿತು. ಇನ್ನು ಮಷಿನ್ ಮುಟ್ಟುವುದೇ ಬೇಡವೆಂದು ಅಜ್ಜಿ ನಾಲ್ಕನೆಯ ಮೂಲೆಯನ್ನು ಸುತಳಿಯಿಂದ ಬಿಗಿಸಿಕೊಂಡರು. ಆ ಮೂಲೆಯ ಮೇಲೆ ಹೂವಿನ ಸರ ಇಳಿಬಿಡುತ್ತೇನೆ, ಬಂದವರಿಗೇನು ಕಾಣುತ್ತದೆ ಎಂದು ಗಿಳಿಗಳನ್ನು ಎದೆಗವಚಿಕೊಂಡು ಬಸ್ಸಿಗೆ ಹೋದರು.

ಕುಂಟುತ್ತ ನಾನೇ ನಮ್ಮವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಅರಿವೆ ಬಿಚ್ಚಿ ನೋಡಿದರು. ಯಾವಾಗ ಆಯಿತು ಎಂದು ಕೇಳಿದರು. ಈಗ, ಮೊಳೆ ಕೀಳುವಾಗ, ಎಂದರು ನಮ್ಮವರು. ಡಾಕ್ಟರು ಒಪ್ಪಲಿಲ್ಲ. ತುದಿ ಕಪ್ಪಿಟ್ಟಿದೆ, ಒಳಗೆ ರಕ್ತ ಹೆಪ್ಪುಗಟ್ಟಿದೆ, ಮೊಳೆ ಬೆರಳಿನಲ್ಲಿ ಅರ್ಧ ತಾಸಾದರೂ ಇದ್ದಿರಬೇಕು, ನಿಜ ಹೇಳಿ ಎಂದರು. ಇವರು ನನ್ನ ಕಡೆ ನೋಡದೆ ಗೋಡೆ ನೋಡುತ್ತ ಕುಳಿತರು.

"ಯಾವಾಗ್ರಿ?" ಎಂದೆ.

"ಸಾಕು ಅಂದ್ನೆಲ್ಲ, ಆವಾಗ. ಹೇಳಿದ್ರ ನೀ ಹೆದರಿ ಕಾಲ ಎತ್ತತಿದ್ದಿ. ಬೆರಳ ಪೂರಾ ಹೋಗತಿತ್ತು."

ಅದು ಖರೇ. ಎತ್ತಿಯೇ ಎತ್ತುತ್ತಿದ್ದೆ. ಎಲ್ಲಿ ಆಗಿಬಿಡುತ್ತದೋ ಎಂದು ಅಷ್ಟು ಹೊತ್ತು ನಡುಗಿದೆನಲ್ಲ, ಅದನ್ನು ನನ್ನ ಕಾಲು ಮೊದಲ ಗಳಿಗೆಯಲ್ಲೇ ಮಾಡಿ ಮುಗಿಸಿತ್ತು. ಚಲೋ ಹಿಡದಿ ಎಂದದ್ದೆಲ್ಲ ಬೆರಳಲ್ಲಿ ಮೊಳೆ ಇಟ್ಟುಕೊಂಡು ಆಡಿದ ಮಾತು.

ಡಾಕ್ಟರು ಸೂಜಿ ತೆಗೆದುಕೊಂಡು, ಹೊಲಿಗೆ ಹಾಕುವಾಗ ಇವರ ಮುಂಗೈ ಗಟ್ಟಿಯಾಗಿ ಹಿಡಿದುಕೋ ತಾಯಿ ಎಂದರು. ನನ್ನ ಕೈ ಮುಂದೆ ಹೋಗಲಿಲ್ಲ. ಕಂಪೌಂಡರನ್ನು ಕರೆಯಿರಿ ಎಂದು ಹೇಳಿ ಬಾಗಿಲಾಚೆ ಬಂದು ನಿಂತೆ. ಒಳಗಿನಿಂದ ನಮ್ಮವರು, "ಏನೂ ನೋವಿಲ್ಲ, ಒಳಗ ಬಾ" ಎಂದು ಅದೇ ಮೆತ್ತನೆಯ ದನಿಯಲ್ಲಿ ಕರೆದರು. ಅವರು ಹಾಗೆ ಕರೆದಷ್ಟೂ ನನಗೆ ಒಳಗೆ ಹೋಗಲು ಭಯವಾಯಿತು.