ಕೂಡಲಿಕ್ಕೆಂದು ಕಟ್ಟಿದ ಅಂಗಳ

ಬಂಧುಗಳೆಲ್ಲ ಆಕೆಯನ್ನು ನಕ್ಷೆಯಕ್ಕ ಎಂದೇ ಕರೆಯುತ್ತಿದ್ದರು. ಕಟ್ಟಡಗಳ ನಕ್ಷೆ ಬರೆಯುತ್ತಲೇ ತಲೆ ನರೆತವಳು. ಕಟ್ಟಿದರೆ ಅಕ್ಕಪಕ್ಕದವರು ಮುಖ ಕೊಟ್ಟು ಮಾತಾಡುವಂಥ ಮನೆ ಕಟ್ಟಬೇಕು ಎಂಬುದು ಆಕೆಯ ಹಟ. ಹಳೆಯ ಓಣಿಯೊಂದನ್ನು ಕೆಡವಿ ಅಲ್ಲಿದ್ದವರಿಗೇ ನಾಲ್ಕಂತಸ್ತಿನ ಕಟ್ಟಡ ಎಬ್ಬಿಸುವ ಕೆಲಸ ಕೈಗೆ ಬಂದಾಗ, ಅದೇ ಓಣಿಯಲ್ಲಿದ್ದ ತನ್ನ ಚಿಕ್ಕಮ್ಮನಂಥವರು ಸಂಜೆ ಕೂಡಿ ಕೂರಲೆಂದು ನಡುವೆ ಅಂಗಳ ಬಿಟ್ಟಳು. ಬೆಳಗ್ಗೆ ಎಳೆಬಿಸಿಲು, ಮಧ್ಯಾಹ್ನ ಮರದ ನೆರಳು, ಬೆನ್ನಿಗೆ ಒರಗು ಇರುವ ಬೆಂಚು.

ಜನ ಬಂದು ಸಾಮಾನು ಇಳಿಸಿದರು. ಆದರೆ ಸಂಜೆ ಹೊತ್ತು ಆಕೆ ಹೋಗಿ ನೋಡಿದರೆ ಅಂಗಳದಲ್ಲಿ ನರಪಿಳ್ಳೆಯಿಲ್ಲ. ಎಲ್ಲರೂ ಹಿಂದಿನ ಮೆಟ್ಟಿಲ ಕೆಳಗೆ, ನೀರಿನ ಪಂಪು ಗುರ್ರೆನ್ನುವ ಕತ್ತಲ ಸಂದಿಯಲ್ಲಿ ಒತ್ತಿಕೊಂಡು ನಿಂತಿದ್ದರು.

“ಅಲ್ಲೇನಿದೆ ಅಂತ ನಿಲ್ತೀರಾ ಚಿಕ್ಕಮ್ಮ?”

“ಏನೂ ಇಲ್ಲ ಕಣೇ. ಸುಮ್ನೆ ನಿಲ್ತೀವಿ.”

ಗಾಳಿ ಚೆನ್ನಾಗಿ ಬರುತ್ತದೆ ಎಂದ ದರ್ಜಿ. ಅಲ್ಲಿ ಕಿಟಕಿಯೇ ಇರಲಿಲ್ಲ. ಪಂಪಿನ ಸದ್ದು ಹಿತ ಎಂದಳು ನರ್ಸಮ್ಮ. ಅದೇ ಸದ್ದಿನ ಮೇಲೆ ದೂರು ಕೊಟ್ಟವಳೂ ಅವಳೇ.

ಇರಲಿ, ಅವರಿಗೆ ಬೇಕಾದಲ್ಲೇ ಅನುಕೂಲ ಮಾಡೋಣವೆಂದು ನಕ್ಷೆಯಕ್ಕ ಸಂದಿಗೆ ದೀಪ ಹಾಕಿಸಿ, ಗೋಡೆಗೆ ಕೂರುವ ಹಲಗೆ ಹೊಡೆಸಿದಳು. ವಾರದೊಳಗೆ ಗುಂಪು ಅಲ್ಲಿಂದ ಕಾಲ್ತೆಗೆದು ಗೇಟಿನ ಬಳಿ, ಸೈಕಲ್ಲುಗಳ ನಡುವೆ ಹೋಗಿ ನಿಂತಿತು.

“ಗೇಟಿಗೂ ಒಂದು ಹಲಗೆ ಹೊಡೆಸ್ಬಿಡು, ರಸ್ತೆಗೆ ಹೋಗ್ತಾರೆ,” ಎಂದು ಗಂಡ ನಕ್ಕ. ಆಕೆಗೆ ನಗು ಬರಲಿಲ್ಲ. ಇಷ್ಟು ವರ್ಷ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ?

ಒಂದು ರಜೆಯ ದಿನ ತಾನೂ ಹೋಗಿ ಅವರ ನಡುವೆ ನಿಂತಳು. ಗಲಗಲ ಮಾತು ಗಕ್ಕನೆ ನಿಂತಿತು. ಚಿಕ್ಕಮ್ಮ ಕೈಹಿಡಿದು ಪಕ್ಕಕ್ಕೆ ಕರೆದಳು.

“ಬೇಜಾರು ಮಾಡ್ಕೋಬೇಡ ಮಗಾ. ನೀನು ಬಂದ್ರೆ ಮಾತೇ ಬರಲ್ಲ ನಮಗೆ. ಕಣ್ಣಲ್ಲೇ ಅಳತೆ ಹಿಡೀತಿರ್ತೀಯ.”

ಆಕೆಗೆ ಯಾರ ಕಣ್ಣಿಗೂ ಬೀಳದೆ ಎಲ್ಲಾದರೂ ಕೂರಬೇಕೆನಿಸಿ ಅಂಗಳಕ್ಕೆ ನಡೆದರೆ, ಬೆಂಚಿನ ಮೇಲೆ ದರ್ಜಿ ಒಬ್ಬನೇ ಕುಳಿತಿದ್ದ.

“ನೀವು ಇಲ್ಲಿಗೆ ಬರ್ತೀರಾ?”

“ಹೂಂ. ಹೆಂಡ್ತಿ ತೀರ್ಕೊಂಡ್ಮೇಲೆ ದಿನಾ ಒಂದು ಗಳಿಗೆ ಬರ್ತೀನಿ. ಇಲ್ಲಿ ಕೂತೋರನ್ನ ಯಾರೂ ಮಾತಾಡಿಸಲ್ಲ. ನರ್ಸಮ್ಮನೂ ಅಷ್ಟೇ, ಆಸ್ಪತ್ರೆಯಿಂದ ಬಂದೋಳು ಇಲ್ಲಿ ಸ್ವಲ್ಪ ಹೊತ್ತು ಕೂತು, ಮುಖ ಒರೆಸ್ಕೊಂಡು ಆಮೇಲೆ ಮನೆಗೆ ಹೋಗ್ತಾಳೆ.”

ಹತ್ತು ಜನ ಕೂಡಲೆಂದು ಬಿಟ್ಟ ಜಾಗ ಒಂಟಿಯಾಗಿರಬೇಕೆಂದವರಿಗೆ ಒದಗಿತ್ತು. ತಾನು ಗೆದ್ದೆನೋ ಸೋತೆನೋ ಆಕೆಗೆ ತಿಳಿಯಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ಒರಗು ಸರಿಯಾಗಿದೆಯೇ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ದರ್ಜಿಯೂ ಮಾತಾಡಿಸಲಿಲ್ಲ.

ಮುಂದಿನ ಕಟ್ಟಡಕ್ಕೂ ನಡುವೆ ಅಂಗಳ ಬರೆದಳು. “ಇದು ಯಾತಕ್ಕಮ್ಮ?” ಎಂದು ಜಾಗದ ಮಾಲೀಕರು ಕೇಳಿದರು.

“ನಂಗೂ ಸರಿಯಾಗಿ ಗೊತ್ತಿಲ್ಲ,” ಎಂದಳು. “ಆದ್ರೆ ಇರ್ಲಿ.”