ಮಾಸ್ಟ್ರ ಅಜ್ಜಿಯ ಮನೆ

ಅವತ್ತು ಬೆಳಿಗ್ಗೆ ಇಡ್ಲಿ ಬೇಯಲಿಟ್ಟು ಕಾಯಿ ತುರಿಯುತ್ತಿದ್ದಾಗ ಪಕ್ಕದ ಮನೆಯ ನಿವೃತ್ತ ಮಾಸ್ಟ್ರು ಎಂದಿನಂತೆ ಫೈಲು ಹಿಡಿದು ಬಂದರು. ಇಂಗ್ಲೆಂಡಿನ ಒಬ್ಬ ಮಹಿಳೆಗಾಗಿ, ಹಿಂದೆ ಇಲ್ಲಿ ಕಾಫಿ ವ್ಯಾಪಾರ ಮಾಡಿದ್ದ ಆಕೆಯ ಮುತ್ತಜ್ಜನ ದಾಖಲೆಗಳನ್ನು ಅವರು ಹುಡುಕುತ್ತಿದ್ದರು. ಕಾನ್ವೆಂಟಿನಲ್ಲಿ ಕಲಿತ ನಾನು ಹಳೆಯ ಇಂಗ್ಲಿಷ್ ಕೈಬರಹ ಓದಿಕೊಡುತ್ತಿದ್ದೆ.

"ನಿಮ್ಮ ಮುತ್ತಜ್ಜ ಯಾರು ಮಾಸ್ಟ್ರೇ?" ಎಂದು ಕೇಳಿದಾಗಲೆಲ್ಲ ಕನ್ನಡಕ ಒರೆಸುತ್ತಾ, "ನಮ್ಮದು ಅಳಿಯಸಂತಾನ ಅಲ್ವಾ? ಮನೆ ಅಮ್ಮನಿಂದ ಬರುವುದು. ಅಪ್ಪಂದಿರನ್ನು ಯಾರು ಕೇಳ್ತಾರೆ?" ಎಂದು ನಗುತ್ತಿದ್ದರು.

ಅವತ್ತು ತಂದದ್ದು ಆ ಇಂಗ್ಲಿಷ್ ದೊರೆಯ ಉಯಿಲಿನ ನಕಲು. ಇಲ್ಲೇ ನಮ್ಮ ಕಂಕನಾಡಿಯ ಮನೆಯನ್ನು ಅವನು ತನ್ನ ಅಡುಗೆಯವಳಲ್ಲಿ ಹುಟ್ಟಿದ ಮಗಳಿಗೆ ಬರೆದಿದ್ದ. ಮಗಳ ಹೆಸರು ಓದಿದೆ. ಅದು ಮಾಸ್ಟ್ರ ಅಜ್ಜಿಯ ಹೆಸರು. ಮನೆ, ಅವರೀಗಲೂ ವಾಸಿಸುವ ಮನೆ.

ಮಾಸ್ಟ್ರು ಒರೆಸಿದ ಕನ್ನಡಕವನ್ನೇ ಮತ್ತೆ ಮತ್ತೆ ಒರೆಸಿದರು.

"ಇನ್ನೊಮ್ಮೆ ಓದಿ."

ಓದಿದೆ.

"ಯಾರಿಗೂ ಹೇಳ್ಬೇಡಿ ಅಮ್ಮ. ಅಜ್ಜಿಯ ಮರ್ಯಾದೆ ಉಂಟು," ಎಂದು ನಾನು ಕೊಟ್ಟ ಚಹಾ ಮುಟ್ಟದೆ ಎದ್ದುಹೋದರು.

ಸಂಜೆ ಎದುರುಮನೆಯ ಬ್ಯಾರಿ ಅಜ್ಜಿ ಗೇಟಿನಲ್ಲಿ ನಿಂತು ಕೇಳಿದರು, "ಎಂತ, ದೊರೆ ಮನೆಯಲ್ಲಿ ಇವತ್ತು ದೀಪ ಇಲ್ಲ?"

"ಯಾವ ದೊರೆ?"

"ಮಾಸ್ಟ್ರ ಮನೆ ಮಾರಾಯ್ತಿ. ಅವರಜ್ಜಿ ದೊರೆಯ ಮಗಳಲ್ವಾ? ನನ್ನನ್ನು ಹೆತ್ತ ಉಮ್ಮನ ಕಾಲದಿಂದ ಎಲ್ಲರಿಗೂ ಗೊತ್ತುಂಟು."