ಎಡಗಿವಿಯ ಕಡಕು

ಮೊನ್ನೆ ಮಂಡ್ಯದಲ್ಲಿ ಕ್ಷೌರಕ್ಕೆ ಕೂತಿದ್ದೆ. ಕತ್ತರಿ ಹಿಡಿದವನು ಪಕ್ಕದ ಕುರ್ಚಿಯವನಿಗೆ ಲೋಕಜ್ಞಾನ ಹಂಚುತ್ತಿದ್ದ. ಗಂಡಸು ಎಡಗಿವಿಗೆ ರಿಂಗು ಹಾಕಿದರೆ ಬರೀ ಶೋಕಿಯಂತೆ, ಬಲಗಿವಿಗೆ ಹಾಕಿದರೆ ಗಂಡಸರನ್ನೇ ಇಷ್ಟಪಡುವವನಂತೆ. ನನ್ನದು ಎಡಗಿವಿಯಲ್ಲಿದೆ. ಅವನ ಲೆಕ್ಕದಲ್ಲಿ ನಾನು ಬಚಾವು. ಕನ್ನಡಿಯಲ್ಲಿ ನನಗೇ ನಗು ಬಂತು, ನೋಡಿ.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಕಿವಿಗೆ ಇಂಥ ಅರ್ಥಗಳಿರಲಿಲ್ಲ. ತಾತಂದಿರು ಎರಡೂ ಕಿವಿಗೆ ಕೆಂಪು ಹರಳಿನ ಕಡಕು ಹಾಕಿಕೊಂಡೇ ಗದ್ದೆಗೆ ನೀರು ಕಟ್ಟುತ್ತಿದ್ದರು. ಕಾಲೇಜು ಮೆಟ್ಟಿಲು ಹತ್ತಿದ ನಮ್ಮಂಥವರು ಅದನ್ನು ಬಿಚ್ಚಿಟ್ಟು, ಬೆಲ್‌ಬಾಟಮ್ಮು ಹೊಲಿಸಿಕೊಂಡು ನಾಗರಿಕರಾದೆವು. ನಾನು ಮದ್ದೂರಿನಲ್ಲಿ ಗುಮಾಸ್ತ. ಕೊತ್ತತ್ತಿಯ ಪುಟ್ಟಸ್ವಾಮಿಗೆ ಭಾರತೀನಗರದಲ್ಲಿ ಮೇಷ್ಟ್ರ ಕೆಲಸ. ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು, ಒಬ್ಬರನ್ನೊಬ್ಬರು ಪ್ರೀತಿಸಿದೆವು. ಮದುವೆಯಾದವರಿಗೆ ತಾಳಿ, ಕಾಲುಂಗುರ ಎಂದು ಗುರುತುಗಳಿವೆ, ನಮಗೂ ಏನಾದರೊಂದು ಇರಲಿ ಎನಿಸಿತು. ಪುಟ್ಟಸ್ವಾಮಿ ತನ್ನ ತಾತನ ಜೋಡಿ ಕಡಕು ತಂದ. ಒಂದು ಅವನ ಬಲಗಿವಿಗೆ, ಇನ್ನೊಂದು ನನ್ನ ಎಡಗಿವಿಗೆ. ಮುಚ್ಚಿಹೋಗಿದ್ದ ತೂತಿಗೆ ಬೇವಿನ ಕಡ್ಡಿ ತುರುಕಿ ಬಿಡಿಸುವಾಗ ಅತ್ತುಬಿಟ್ಟೆ. ಪ್ರೇಮಕ್ಕಲ್ಲ, ನೋವಿಗೆ.

ಬೇರೆ ಬೇರೆ ಕಿವಿಗೆ ಹಾಕಿಕೊಂಡರೆ ಯಾರಿಗೂ ತಿಳಿಯದೆಂಬುದು ನಮ್ಮ ಬುದ್ಧಿವಂತಿಕೆ. ಒಂದು ಭಾನುವಾರ ಅವನನ್ನು ಮಳವಳ್ಳಿಯ ನಮ್ಮ ಮನೆಗೆ ಊಟಕ್ಕೆ ಕರೆದೊಯ್ದೆ. ಅಂದೇ ನನ್ನ ಸೋದರಮಾವ ದುದ್ದದಲ್ಲೊಂದು ಹೆಣ್ಣು ಗೊತ್ತುಮಾಡಿಕೊಂಡು ಬಂದಿದ್ದರು. ಮುಂದಿನ ವಾರವೇ ಹೆಣ್ಣು ನೋಡುವ ಶಾಸ್ತ್ರವಂತೆ. ಒಲ್ಲೆ ಎನ್ನಲು ಬಾಯಲ್ಲಿ ಹೇಳಬಹುದಾದ ಕಾರಣ ನನ್ನಲ್ಲಿರಲಿಲ್ಲ. ಪುಟ್ಟಸ್ವಾಮಿಯ ಮುಖ ನೋಡುವ ಧೈರ್ಯವೂ ಇರಲಿಲ್ಲ.

ಅವನು ನನ್ನ ಎಡಕ್ಕೆ ಕೂತ. ಅವ್ವ ಉಪ್ಸಾರು ಬಡಿಸಲು ಎದುರಿಗೆ ಬಗ್ಗಿದಳು. ಅವನ ಬಲಗಿವಿ, ನನ್ನ ಎಡಗಿವಿ ಅಕ್ಕಪಕ್ಕ, ಎರಡರಲ್ಲೂ ಒಂದೇ ಜೋಡಿಯ ಕಡಕು! ನಮ್ಮ ಕಡೆಯ ಹೆಂಗಸರು ಮುಖ ಮರೆತಾರು, ಒಡವೆ ಮರೆಯುವವರಲ್ಲ. ಅವ್ವನ ಕೈಯ ಸೌಟು ನಿಂತಿತು.

ಅವ್ವ ನಮ್ಮಿಬ್ಬರ ಮುಖವನ್ನೂ ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿ, "ದುದ್ದದೋರ್ಗೆ ಬ್ಯಾಡ ಅಂತ ಯೋಳ್ಬುಡು ಕಣ್ಲಾ. ಇವನ್ಗೆ ಅರಕೆ ಕಡಕು ಆಕ್ಸಿವ್ನಿ. ಅದು ತೀರೋಗಂಟ ಮದ್ವೆ ಮಾತು ಎತ್ತಂಗಿಲ್ಲ" ಅಂದಳು.

ಯಾವ ದೇವರಿಗೆ ಎಂದು ಮಾವ ಕೇಳಿದರು.

"ಬಾಯ್ಬುಟ್ರೆ ಅರಕೆ ಕೆಡ್ತದೆ" ಎಂದವಳು ಪುಟ್ಟಸ್ವಾಮಿಯ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

ದೇವರ ಮಾತು ಬಂದರೆ ಮಾವ ತೆಪ್ಪಗಾಗುವವರು. ಅಂದು ಎದೆಯ ಭಾರ ಇಳಿದು, ನಾಚಿಕೆಯಿಲ್ಲದೆ ಮೂರು ಮುದ್ದೆ ಉಂಡೆ. ಅವ್ವ ಮುಂದೆಂದೂ ಆ ಮಾತು ಎತ್ತಲಿಲ್ಲ. ಹಬ್ಬಕ್ಕೆ ಮಾತ್ರ ಇಬ್ಬರಿಗೂ ಪಂಚೆ ತೆಗೆದಿಡುತ್ತಿದ್ದಳು.

ಅವ್ವ ಹೋಗಿ ವರ್ಷಗಳಾದವು. ಕ್ಷೌರದಂಗಡಿಯಿಂದ ಎದ್ದವನೇ ಪುಟ್ಟಸ್ವಾಮಿಯನ್ನು ಕರೆದುಕೊಂಡು ಮಾವನ ಮನೆಗೆಂದು ಮಳವಳ್ಳಿಯ ಬಸ್ಸು ಹತ್ತಿದೆ. ಮಾವನಿಗೆ ಈಗ ಮೊಮ್ಮಕ್ಕಳ ಮಕ್ಕಳು. ಆ ಹರಕೆ ಯಾವ ದೇವರದೂ ಅಲ್ಲ, ನಾವಿಬ್ಬರೂ ಜೊತೆಯಲ್ಲಿ ಬಾಳಲೆಂದು ಅವ್ವ ಕಟ್ಟಿದ ನೆಪ ಎಂದು ಮೊದಲ ಸಲ ಅವರೆದುರು ಬಾಯಿಬಿಟ್ಟೆ. ಪುಟ್ಟಸ್ವಾಮಿ ನೆಲ ನೋಡುತ್ತ ಕೂತಿದ್ದ.

ಮಾವ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಇಬ್ಬರನ್ನೂ ದಿಟ್ಟಿಸಿದರು.

"ಅಂಗಾರೆ ಅದು ತೀರೋದೇ ಬ್ಯಾಡ ಬುಡ್ಲಾ" ಅಂದರು.